ಏನೂ ಬೇಡ ಅನ್ನುವ ಹಕ್ಕಿಗಾಗಿ

ಅಸಿಸಿಯ ಸಂತ ಕ್ಲಾರಾ ಅಂದ್ರೆ 'ಫ್ರಾನ್ಸಿಸ್‌ರ ಶಿಷ್ಯೆ' ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದು ಬೇಸರ ತರಿಸುತ್ತದೆ. ಬಡತನವನ್ನೇ ವ್ರತವಾಗಿಸಿಕೊಂಡ ಸಂತ ಫ್ರಾನ್ಸಿಸ್ ತೀರಿಕೊಂಡದ್ದು 1226ರಲ್ಲಿ. ಅದಾದ ಮೇಲೂ 27 ವರ್ಷ ಬದುಕಿದ್ದಳು ಕ್ಲಾರಾ. ಆಕೆಯ ದೊಡ್ಡ ಹೋರಾಟ ನಡೆದದ್ದು ಆ ವರ್ಷಗಳಲ್ಲೇ.

ಇಟಲಿಯ ಸಿರಿವಂತ ಮನೆತನದ ಹುಡುಗಿ. 1212ರ ಸುಮಾರಿಗೆ, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರದ ರಾತ್ರಿ ಮನೆ ಬಿಟ್ಟು ಹೊರಟಳು. ಆಗಿನ್ನೂ ಹದಿನೆಂಟರ ಆಸುಪಾಸು. ಊರಾಚೆಯ ಪುಟ್ಟ ಚರ್ಚಿನಲ್ಲಿ ಸನ್ಯಾಸದ ಗುರುತಾಗಿ ಫ್ರಾನ್ಸಿಸ್ ಆಕೆಯ ಕೂದಲು ಕತ್ತರಿಸಿದರು. ಮನೆಯವರು ಹುಡುಕಿಕೊಂಡು ಬಂದು ಎಳೆದಾಗ ಒಂದು ಕೈಯಲ್ಲಿ ಬಲಿಪೀಠದ ಬಟ್ಟೆ ಬಿಗಿಯಾಗಿ ಹಿಡಿದಳು, ತಲೆಯ ಮುಸುಕು ಸರಿಸಿ ಕತ್ತರಿಸಿದ ಕೂದಲು ತೋರಿಸಿದಳು. ಬಂದವರು ವಾಪಸ್ ಹೋಗಬೇಕಾಯಿತು. ಕೆಲವೇ ದಿನಕ್ಕೆ ತಂಗಿಯೂ ಓಡಿಬಂದಳು. ಮುಂದೆ ಹೆತ್ತ ತಾಯಿಯೂ ಬಂದು ಮಗಳ ಮಠ ಸೇರಿದಳು!

ಆ ಮಠ ಇದ್ದದ್ದು ಅಸಿಸಿ ಊರಾಚೆಯ ಸಾನ್ ದಾಮಿಯಾನೊದಲ್ಲಿ. ಆ ಕಾಲದ ಕನ್ಯಾಮಠಗಳು ಜಮೀನು, ಗೇಣಿ, ಹುಡುಗಿಯರು ತರುವ ವರದಕ್ಷಿಣೆ ಇವುಗಳ ಮೇಲೆ ನಡೆಯುತ್ತಿದ್ದವು. ಕ್ಲಾರಾಗೆ ಇದ್ಯಾವುದೂ ಬೇಕಿರಲಿಲ್ಲ. ಕೈಕೆಲಸ, ಭಿಕ್ಷೆ ಸಾಕು ಅಂದಳು. ಪೋಪ್ ಒಂಬತ್ತನೇ ಗ್ರೆಗರಿಗೆ ಚಿಂತೆ. ಹೊರಗೆ ಕಾಲಿಡದ ಹೆಂಗಸರು ಹೊಟ್ಟೆಗೇನು ಮಾಡುತ್ತಾರೆ? ಆಸ್ತಿ ಇಟ್ಟುಕೋ, ವ್ರತ ಅಡ್ಡ ಬಂದರೆ ಬಿಡಿಸುತ್ತೇನೆ ಅಂದರು. ನನ್ನ ಪಾಪಗಳಿಂದ ಬಿಡಿಸಿ, ಕ್ರಿಸ್ತನ ಹಿಂದೆ ನಡೆಯುವುದರಿಂದ ಬೇಡ ಅಂದಳಂತೆ ಕ್ಲಾರಾ. ಕೊನೆಗೆ 1228ರಲ್ಲಿ ಪೋಪರೇ ಬರೆದುಕೊಟ್ಟರು: ಆಸ್ತಿ ತೆಗೆದುಕೊಳ್ಳಿ ಅಂತ ಇವರನ್ನು ಯಾರೂ ಬಲವಂತ ಮಾಡುವಂತಿಲ್ಲ.

ಬಡತನ ಆಕೆಗೆ ಬರೀ ವ್ರತ ಆಗಿರಲಿಲ್ಲ ಅಂತ ನನ್ನ ನಂಬಿಕೆ. ಆಸ್ತಿ ಬಂದರೆ ಅದರ ಹಿಂದೆಯೇ ದೊಡ್ಡವರು ಚಿಕ್ಕವರು ಅನ್ನೋದೂ ಬರುತ್ತದೆ ಅಲ್ವಾ? ಆಕೆ ತೀರಿಕೊಂಡ ಕೆಲವೇ ತಿಂಗಳಲ್ಲಿ ಸಿಸ್ಟರ್‌ಗಳು ಕೊಟ್ಟ ಸಾಕ್ಷಿಯಲ್ಲಿ ಒಂದು ಘಟನೆ ಇದೆ. ಮಠದ ಕೆಲಸಕ್ಕಾಗಿ ಹೊರಗೆ ಹೋಗಿಬರುತ್ತಿದ್ದ ಒಬ್ಬ ಸಿಸ್ಟರ್‌ನ ಕಾಲನ್ನು ಕ್ಲಾರಾ ತೊಳೆಯುತ್ತಿದ್ದಳು. ಮುತ್ತಿಡಲು ಬಗ್ಗಿದಾಗ ಆ ಸಿಸ್ಟರ್ ಸಂಕೋಚದಿಂದ ಕಾಲು ಎಳೆದುಕೊಂಡಳು. ಪಾದ ಕ್ಲಾರಾಳ ಬಾಯಿಗೇ ಬಡಿಯಿತು. ಕ್ಲಾರಾ ಸಿಟ್ಟಾಗಲಿಲ್ಲ. ಆ ಕಾಲನ್ನು ಮತ್ತೆ ಹಿಡಿದು ಅಂಗಾಲಿಗೆ ಮುತ್ತಿಟ್ಟಳು. ಮಠದ ಮುಖ್ಯಸ್ಥೆ ಆಕೆ, ನೆನಪಿರಲಿ.

ಮಠಕ್ಕೆ ನಿಯಮ ಬರೆಯುವಾಗಲೂ ದೊಡ್ಡವರು ಚಿಕ್ಕವರು ಇಲ್ಲ ಅನ್ನೋದನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಎಲ್ಲರನ್ನೂ ಕೂರಿಸಿ ಕೇಳಬೇಕು, ಒಳ್ಳೆಯ ದಾರಿಯನ್ನು ದೇವರು ಎಷ್ಟೋ ಸಲ ಎಲ್ಲರಿಗಿಂತ ಚಿಕ್ಕವಳಿಗೇ ತೋರಿಸುತ್ತಾನೆ ಅಂತ ಬರೆದಳು. ಹೆಂಗಸರ ಮಠಕ್ಕೆ ಹೆಂಗಸೊಬ್ಬಳೇ ಬರೆದು ಪೋಪರಿಂದ ಒಪ್ಪಿಗೆ ಪಡೆದ ಮೊದಲ ನಿಯಮಾವಳಿ ಅದು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರೂ ಪಟ್ಟು ಸಡಿಲಿಸಲಿಲ್ಲ. 1253ರ ಆಗಸ್ಟ್ 9ರಂದು ಪೋಪ್ ನಾಲ್ಕನೇ ಇನೊಸೆಂಟ್ ಒಪ್ಪಿಗೆ ಕೊಟ್ಟರು. 11ರಂದು ಕ್ಲಾರಾ ಕಣ್ಣು ಮುಚ್ಚಿದಳು.

ಪೋಪರ ಆ ಒಪ್ಪಿಗೆಯ ಮೂಲ ಪತ್ರ ಎಷ್ಟೋ ಕಾಲ ಯಾರ ಕಣ್ಣಿಗೂ ಬೀಳದೆ, 1893ರಲ್ಲಿ ಆಕೆಯ ಬಟ್ಟೆಗಳ ನಡುವೆ ಸಿಕ್ಕಿತು. ಅದರ ಮೇಲೆ ಹಳೆಯ ಕೈಬರಹದ ಸಾಲೊಂದಿದೆ. ಕ್ಲಾರಾ ಇದನ್ನು ಭಕ್ತಿಯಿಂದ ಮುಟ್ಟಿದಳು, ಮುತ್ತಿಟ್ಟಳು, ಮತ್ತೆ ಮತ್ತೆ, ಎಷ್ಟೋ ಸಲ.