ಮೊದಲು ದಿಕ್ಕು ನೋಡಿ, ಆಮೇಲೆ ರೂಮು ನೋಡಿ

ಈಗಷ್ಟೇ ಒಂದು ರೀಲ್ ನೋಡಿ ಮೈಯೆಲ್ಲ ಉರಿಯಿತು. ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನ ಪೂರ್ವ ಮಗ್ಗುಲಿನ ಬಾತ್‌ಶೀಬಾ ತೀರ. ಎರಡೋ ಮೂರೋ ವರ್ಷದ ಮಗು ನೊರೆಯೊಳಗೆ ನಿಂತಿದೆ, ಅಪ್ಪ ಹತ್ತು ಹೆಜ್ಜೆ ಹಿಂದೆ ಫೋನ್ ಹಿಡಿದಿದ್ದಾನೆ. ಮೇಲೆ "ಮಕ್ಕಳಿಗೆ ಸೂಪರ್ ಬೀಚ್" ಅಂತ ಬರಹ ಬೇರೆ. ಅಲ್ಲ ಸ್ವಾಮಿ, ಅದು ಸರ್ಫಿಂಗ್ ಸ್ಪರ್ಧೆ ನಡೆಯುವ ಜಾಗ!

ಇಲ್ಲಿ ನನ್ನನ್ನು ಓದುವವರಿಗೆ ಇದು ಹಳೇ ಮಾತು. ಆದರೂ ಹೇಳುತ್ತೇನೆ. ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಕೆರಿಬಿಯನ್ ದ್ವೀಪಕ್ಕೆ ಹೊರಟವರು ಮೊದಲು ಕೇಳಬೇಕಾದ್ದು, ಹೋಟೆಲ್ ದ್ವೀಪದ ಯಾವ ಮಗ್ಗುಲಿಗಿದೆ ಅಂತ. ಸ್ಟಾರು, ಬಫೆ, ಕಿಡ್ಸ್ ಕ್ಲಬ್ಬು ಎಲ್ಲ ಆಮೇಲೆ.

ಅಲ್ಲಿ ವರ್ಷದ ಬಹುಪಾಲು ಗಾಳಿ ಬೀಸುವುದು ಪೂರ್ವದಿಂದ. ಆ ಕಡೆ ಸಾವಿರಾರು ಕಿಲೋಮೀಟರ್ ಬರೀ ಅಟ್ಲಾಂಟಿಕ್. ಅಷ್ಟು ದೂರದಿಂದ ಬಲ ಕೂಡಿಸಿಕೊಂಡು ಬಂದ ಅಲೆ ನೇರ ಬಡಿಯುವುದು ಬಾತ್‌ಶೀಬಾ, ಕ್ಯಾಟಲ್‌ವಾಶ್ ತೀರಕ್ಕೆ. ಬರುವ ಅಲೆಗಿಂತ ವಾಪಸ್ ಹೋಗುವ ನೀರೇ ಅಪಾಯ. ಮೊಣಕಾಲುದ್ದದ ನೀರಲ್ಲಿ ದೊಡ್ಡವರ ಅಂಗಾಲಿನ ಕೆಳಗಿನ ಮರಳೇ ಸರ್ರನೆ ಜಾರುತ್ತದೆ, ಅಷ್ಟೇ ನೀರು ಮಗುವಿಗೆ ಸೊಂಟದ ಮೇಲೆ ಬಂದಿರುತ್ತದೆ. ಅದೇ ಹೊತ್ತಿನಲ್ಲಿ ಪಶ್ಚಿಮದ ಹೋಲ್‌ಟೌನ್, ಪೇನ್ಸ್ ಬೇ, ನೈರುತ್ಯದ ಕಾರ್ಲೈಲ್ ಬೇ ಕಡೆ ಸಾಮಾನ್ಯವಾಗಿ ಕೆರೆಯಂಥ ನೀರು.

ಕಡಲಕಳೆಯ ಕಾಟವೂ ಗಾಳಿಗೆ ಎದುರಾದ ತೀರಕ್ಕೇ ಜಾಸ್ತಿ. ಸಾರ್ಗಾಸಮ್ ಎಂಬ ಈ ಕಂದು ಕಳೆ 2011ರಿಂದ ರಾಶಿ ರಾಶಿ ಬಂದು ಬೀಳುತ್ತಿದೆ, ಹೆಚ್ಚಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ. ದಡದಲ್ಲಿ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹೊರಟು ಕೆಟ್ಟ ಮೊಟ್ಟೆಯ ನಾತ. ಉಬ್ಬಸ ಇರುವ ಮಕ್ಕಳನ್ನು ಅದರ ಹತ್ತಿರವೂ ಬಿಡಬಾರದು. ಡೊಮಿನಿಕನ್ ರಿಪಬ್ಲಿಕ್‌ನ ಪುಂಟಾ ಕಾನಾಗೂ ಇದೇ ಪಾಡು, ಅದೂ ಪೂರ್ವಕ್ಕೇ ಮುಖ ಮಾಡಿದೆ. ಹಾಗಿದ್ದೂ ಪ್ಯಾಕೇಜ್ ಮಾರುವವರು ದಿಕ್ಕಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

"ಪೂರ್ವದ ಕಡೆ ರೂಮು ಅಗ್ಗ, ಪೂಲ್ ಹೇಗೂ ಇದೆ" ಅನ್ನುತ್ತಾರೆ. ಸಮುದ್ರ ಕಣ್ಣೆದುರಿಗಿದ್ದರೆ ನಾಲ್ಕು ವರ್ಷದ ಮಗು ಪೂಲಿನಲ್ಲೇ ಕೂತಿರುತ್ತದೆಯೇ? ಪೂರ್ವದಲ್ಲೂ ಬಾತ್ ಎಂಬಲ್ಲಿ ಹವಳದ ದಿಬ್ಬ ಅಡ್ಡ ಇದ್ದು ನೀರು ಶಾಂತವಾಗಿರುತ್ತದೆ, ಒಪ್ಪೋಣ. ಬಾತ್‌ಶೀಬಾದಲ್ಲೂ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ಗುಂಡಿಗಳಲ್ಲಿ ಊರಿನವರು ಕೂತಿರುತ್ತಾರೆ. ಅವರಿಗೆ ಆ ನೀರಿನ ಗುಣ ಗೊತ್ತು, ಮೊನ್ನೆ ವಿಮಾನ ಇಳಿದವರಿಗೆ ಗೊತ್ತಿಲ್ಲ. ಹೋಗಿ, ಕಣ್ತುಂಬ ನೋಡಿ ಬನ್ನಿ. ಮಕ್ಕಳನ್ನು ನೀರಿಗೆ ಇಳಿಸಬೇಡಿ.

ಪಶ್ಚಿಮಕ್ಕೆ ಹೋದವರೂ ಮೈಮರೆಯಬಾರದು. ಅಲ್ಲಿ ಅದೇ ಗಾಳಿ ನೆಲದಿಂದ ಕಡಲ ಕಡೆಗೆ ಬೀಸುತ್ತದೆ. ಮಗುವನ್ನು ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸಿ ಒಂದು ಕ್ಷಣ ಕೈಬಿಟ್ಟರೂ ಸಪಾಟು ನೀರಿನ ಮೇಲೆ ಸದ್ದಿಲ್ಲದೆ ಆಳಕ್ಕೆ ಹೊರಟುಬಿಡುತ್ತದೆ. ಈಜಿ ಹಿಡಿಯುತ್ತೇನೆ ಅನ್ನುವುದು ಸುಳ್ಳು ಧೈರ್ಯ. ಟ್ಯೂಬು ಪೂಲಿಗಷ್ಟೇ ಇರಲಿ. ಕಡಲಿಗೆ ಮಗುವಿನ ತೂಕಕ್ಕೆ ಹೊಂದುವ, ಕಾಲಸಂದಿಯಲ್ಲಿ ಬಿಗಿಯುವ ಪಟ್ಟಿಯಿರುವ ಲೈಫ್ ಜಾಕೆಟ್ ಮನೆಯಿಂದಲೇ ಒಯ್ಯಿರಿ. ತೊಡಿಸಿ, ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡಿ: ಗಲ್ಲ ದಾಟಿ ಕಿವಿವರೆಗೆ ಜಾರಿದರೆ ಅಳತೆ ದೊಡ್ಡದಾಯಿತು. ಜಾಕೆಟ್ ಇದ್ದರೂ ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರವೇ ಇರಬೇಕು, ಫೋನ್ ಚೀಲದಲ್ಲಿರಬೇಕು. ಚಳಿಗಾಲದಲ್ಲಿ ಉತ್ತರದಿಂದ ಬರುವ ದೊಡ್ಡ ಅಲೆಗಳು ಒಮ್ಮೊಮ್ಮೆ ಪಶ್ಚಿಮ ತೀರವನ್ನೂ ಕೆಡಿಸುತ್ತವೆ. ಕೆಂಪು ಬಾವುಟ ಕಂಡರೆ ಆ ದಿನ ಮರಳಾಟವೇ ಸಾಕು.

ನೆರಳಿಗೆ ಕೂರುವ ಮುಂಚೆ ಮರದ ಕಾಂಡ ನೋಡಿ. ಕೆಂಪು ಪಟ್ಟಿ ಬಳಿದಿದ್ದರೆ ಅದು ಮ್ಯಾಂಚಿನೀಲ್. ಪುಟ್ಟ ಹಸಿರು ಸೇಬಿನಂಥ ಹಣ್ಣು ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತದೆ, ಕಚ್ಚಿದರೆ ಬಾಯಿ ಗಂಟಲು ಸುಟ್ಟು ಊದಿಕೊಳ್ಳುತ್ತವೆ. ಮಳೆ ಬಂದಾಗ ಅದರ ಎಲೆಯಿಂದ ತೊಟ್ಟಿಕ್ಕುವ ನೀರಿಗೂ ಮೈಮೇಲೆ ಬೊಬ್ಬೆ ಏಳುತ್ತವೆ. ಎಲ್ಲ ಮರಕ್ಕೂ ಪಟ್ಟಿ ಬಳಿದಿರುವುದಿಲ್ಲ, ಹಾಗಾಗಿ ಬಿದ್ದ ಯಾವ ಹಣ್ಣನ್ನೂ ಮುಟ್ಟಲು ಬಿಡಬೇಡಿ.

ಬಿಸಿಲಿನ ವಿಷಯಕ್ಕೆ "ನಾವು ಬೆಂಗಳೂರಿನವರು, ನಮಗೇನು" ಅನ್ನಬೇಡಿ. ಬೆಂಗಳೂರು, ಬಾರ್ಬಡೋಸ್ ಎರಡೂ ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲೇ, ಆದರೆ ಬೆಂಗಳೂರಲ್ಲಿ ಯಾರೂ ಮಗುವನ್ನು ಬರಿಮೈಯಲ್ಲಿ ಮಟಮಟ ಮಧ್ಯಾಹ್ನ ಬಯಲಲ್ಲಿ ಬಿಡುವುದಿಲ್ಲ. ಗಾಳಿ ತಂಪಾಗಿರುವುದರಿಂದ ಚರ್ಮ ಸುಡುವುದು ಗೊತ್ತೇ ಆಗುವುದಿಲ್ಲ. ತುಂಬುತೋಳಿನ ಈಜುಡುಗೆ ತೊಡಿಸಿ, ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಹಚ್ಚಿ. ಆರು ತಿಂಗಳೊಳಗಿನ ಕೂಸಿಗೆ ನೆರಳೇ ಸರಿ. ಹಾಂ, ಮಿಲಿಟರಿ ಚಿತ್ತಾರದ ಬಟ್ಟೆ ಬಾರ್ಬಡೋಸ್‌ನಲ್ಲಿ ಕಾನೂನುಬಾಹಿರ, ಮಗುವಿನ ಚಡ್ಡಿಯೂ ಸೇರಿ.

ಪೂರ್ವದಲ್ಲಿ ಈಗಾಗಲೇ ದುಡ್ಡು ಕಟ್ಟಿಬಿಟ್ಟಿದ್ದರೆ ಕಾರು ಬಾಡಿಗೆಗೆ ತೆಗೆದುಕೊಳ್ಳಿ. ನಮ್ಮ ಹಾಗೆಯೇ ಎಡಬದಿಯ ಓಡಾಟ. ಚೈಲ್ಡ್ ಸೀಟು ಮಾತ್ರ ನಿಮ್ಮದೇ ಇರಲಿ. ಇಡೀ ದ್ವೀಪದ ಉದ್ದವೇ ಸುಮಾರು 34 ಕಿಲೋಮೀಟರ್. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಗಂಟೆಯೊಳಗೆ ಬಾತ್‌ಶೀಬಾದಿಂದ ಹೋಲ್‌ಟೌನ್ ತಲುಪಬಹುದು.