ಕೋಡನ್ನೇ ಕೇಳಿ ಕೋಡಿಗೆ ಟೆಸ್ಟ್ ಬರೆದ್ರೆ

ಮೊನ್ನೆ ಒಂದು ಹಳೇ ಮಾಡ್ಯೂಲನ್ನ, ಯೂನಿಟ್ ಟೆಸ್ಟ್ (ಕೋಡಿನ ಒಂದೊಂದು ತುಂಡೂ ಸರಿಯಾಗಿ ಕೆಲಸ ಮಾಡತ್ತಾ ಅಂತ ನೋಡೋ ಪುಟ್ಟ ಕೋಡ್) ತಾನೇ ಜನರೇಟ್ ಮಾಡೋ ಟೂಲ್ ಕೈಗೆ ಕೊಟ್ಟು ಮೀಟಿಂಗ್‌ಗೆ ಹೋದೆ, ವಾಪಸ್ ಬರೋಷ್ಟರಲ್ಲಿ ರಾಶಿ ಟೆಸ್ಟ್ ರೆಡಿ, ಎಲ್ಲಾ ಹಸಿರು, ಅಂದ್ರೆ ಪಾಸ್, ಕವರೇಜ್ (ಟೆಸ್ಟ್‌ಗಳು ಓಡಿಸಿ ನೋಡಿದ ಕೋಡಿನ ಪಾಲು) ಶೇಕಡಾ ನೂರರ ಹತ್ರ. ಟೀಮೆಲ್ಲಾ ಖುಷ್. ನಾನೂ ಖುಷ್, ಸುಳ್ಳ್ಯಾಕೆ ಹೇಳ್ಲಿ.

ಆಮೇಲೆ ಸುಮ್ನೆ ಒಂದು ಟೆಸ್ಟ್ ತೆಗೆದು ನೋಡ್ದೆ. ಅಧಿಕ ವರ್ಷ ಹೌದೋ ಅಲ್ವೋ ಹೇಳೋ ಪುಟ್ಟ ಫಂಕ್ಷನ್. ಬರೆದ ಪುಣ್ಯಾತ್ಮ (ನಾನೇ ಇದ್ರೂ ಇರಬಹುದು, ಯಾವ ಸಾಲು ಯಾರು ಬರೆದಿದ್ದು ಅಂತ ತೋರಿಸೋ ಗಿಟ್ ಬ್ಲೇಮ್ ನೋಡೋ ಧೈರ್ಯ ಬಂದಿಲ್ಲ) 4ರಿಂದ ಭಾಗ ಹೋದ್ರೆ ಹೌದು ಅಂತ ಬರ್ದು ಕೈ ತೊಳ್ಕೊಂಡಿದಾನೆ. 100ರಿಂದ ಭಾಗ ಹೋದ್ರೆ ಅಲ್ಲ, 400ರಿಂದಲೂ ಹೋದ್ರೆ ಮಾತ್ರ ಹೌದು ಅನ್ನೋದು ಬಿಟ್ಟೇಹೋಗಿದೆ. ಟೂಲ್ ಏನ್ ಮಾಡಿದೆ ಗೊತ್ತಾ, 1900 ಕೊಟ್ಟಿದೆ, ಟ್ರೂ ಅಂತ ಬಂದಿದೆ, ಅದೇ ಬರಬೇಕಾದ ಉತ್ತರ ಅಂತ ಅಸರ್ಟ್ ಮಾಡಿಟ್ಟಿದೆ! ಅಂದ್ರೆ ನಾಳೆ ಯಾರೋ ಬಗ್ ಸರಿ ಮಾಡಿದ್ರೆ ಆಗ ಟೆಸ್ಟ್ ಫೇಲ್ ಆಗತ್ತೆ. ಕಳ್ಳನ ಮಾತನ್ನೇ ಸಾಕ್ಷಿ ಅಂತ ಬರ್ಕೊಂಡ ಹಾಗಾಯ್ತು.

ಟೂಲ್‌ನ ಬಯ್ಯೋದೂ ತಪ್ಪು, ಪಾಪ. ಅದಕ್ಕೆ ಕಾಣೋದು ಕೋಡ್ ಒಂದೇ, ನಮ್ಮ ಮನಸ್ಸಲ್ಲಿ ಏನಿತ್ತು ಅಂತ ಎಲ್ಲಿಂದ ಗೊತ್ತಾಗ್ಬೇಕು? ಸರಿಯುತ್ತರ ಯಾವ್ದು ಅಂತ ಯಾರು ಹೇಳ್ಬೇಕು ಅನ್ನೋ ಇದನ್ನೇ ಟೆಸ್ಟಿಂಗ್‌ನಲ್ಲಿ ಆರಕಲ್ ಸಮಸ್ಯೆ ಅಂತಾರೆ. ಇನ್‌ಪುಟ್ ಹುಡುಕೋದ್ರಲ್ಲಿ ಈ ಟೂಲ್‌ಗಳು ಗಟ್ಟಿಗರು ಕಣ್ರಿ. 2007ರ ರಾಂಡೂಪ್ ಅನ್ನೋ ಟೂಲ್, ಕೋಡಿನ ಮೆಥಡ್‌ಗಳನ್ನ ಸಿಕ್ಕಸಿಕ್ಕ ಹಾಗೆ ಕರೀತಾ, ಬಂದ ಫಲಿತಾಂಶ ನೋಡ್ಕೊಂಡು ಮುಂದಿನ ಕಾಲ್ ಕಟ್ಟತ್ತೆ, 2011ರ ಇವೊಸೂಟ್ ಜೆನೆಟಿಕ್ ಅಲ್ಗಾರಿದಮ್ ಹಾಕಿ ಟೆಸ್ಟ್‌ಗಳನ್ನ ತಲೆಮಾರಿಂದ ತಲೆಮಾರಿಗೆ ಬೆಳೆಸತ್ತೆ. 2008ರಲ್ಲಿ ಬಂದ ಕ್ಲೀ ಅಂತೂ ಕೋಡಿನ ಪ್ರತಿ ಬ್ರಾಂಚ್‌ನ (ಕವಲಿನ) ಕಂಡಿಷನ್‌ನ, ಅಂಥ ಷರತ್ತು ಬಿಡಿಸೋ ಸಾಲ್ವರ್‌ಗೆ ಕೊಟ್ಟು, ಅಲ್ಲಿಗೆ ಹೋಗೋ ಇನ್‌ಪುಟ್ ಯಾವ್ದು ಅಂತ ಲೆಕ್ಕ ಹಾಕಿ ತೆಗಿಯತ್ತೆ, ಗ್ನೂ ಕೋರ್‌ಯುಟಿಲ್ಸ್‌ನಲ್ಲಿ (ls, cp ಥರದ ಲಿನಕ್ಸ್ ಕಮಾಂಡ್‌ಗಳ ಕಟ್ಟು) 15 ವರ್ಷಕ್ಕಿಂತ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದ ಬಗ್‌ಗಳು ಅದಕ್ಕೆ ಸಿಕ್ವು. ಯಾಕೆ ಸಿಕ್ವು ಅಂದ್ರೆ ಪ್ರೋಗ್ರಾಂ ಕ್ರ್ಯಾಶ್ ಆದ್ರೆ ಅದು ತಪ್ಪು ಅಂತ ಯಾರೂ ಹೇಳ್ಕೊಡಬೇಕಿಲ್ಲ. 1900 ಅಧಿಕ ವರ್ಷ ಅನ್ನೋ ಕೋಡ್ ಕ್ರ್ಯಾಶ್ ಆಗಲ್ವಲ್ಲ, ತಣ್ಣಗೆ ಸುಳ್ಳು ಹೇಳತ್ತೆ.

ಮ್ಯುಟೇಷನ್ ಟೆಸ್ಟಿಂಗ್ (ಕೋಡನ್ನ ಬೇಕಂತಲೇ ಅಲ್ಲಲ್ಲಿ ಕೆಡಿಸಿ, ಟೆಸ್ಟ್ ಹಿಡಿಯತ್ತಾ ಅಂತ ನೋಡೋದು) ಹಾಕಿ ಅಂತೀರಾ? ಹಾಕಿದ್ರೂ ಸ್ಕೋರ್ ಚೆನ್ನಾಗೇ ಬರಬಹುದು. ಕೋಡಲ್ಲಿ ಏನ್ ಬದಲಾದ್ರೂ ಕೂಗೋ ಟೆಸ್ಟ್ ಇವು, ಇದ್ದ ತಪ್ಪನ್ನೂ ಅಷ್ಟೇ ಜೋಪಾನವಾಗಿ ಕಾಯ್ತವೆ.

ಹಾಗಂತ ಇದ್ದದ್ದನ್ನ ಹಾಗೇ ಕಾಯೋದು ಯಾವಾಗ್ಲೂ ಕೆಟ್ಟದ್ದೂ ಅಲ್ಲ. ಎಕ್ಸೆಲ್‌ನಲ್ಲಿ ಇವತ್ತಿಗೂ 1900ರ ಫೆಬ್ರವರಿ 29 ಇದೆ, ಲೋಟಸ್ 1-2-3 ಅನ್ನೋ ಹಳೇ ಸ್ಪ್ರೆಡ್‌ಶೀಟ್ ಜೊತೆ ಹೊಂದ್ಕೋಬೇಕು ಅಂತ ಬೇಕಂತಲೇ ಇಟ್ಟ ತಪ್ಪು ಅದು. ಅಂಥ ಕಡೆ, ಅಥವಾ ಯಾರಿಗೂ ಅರ್ಥ ಆಗದ ಹಳೇ ಕೋಡ್ ರಿಫ್ಯಾಕ್ಟರ್ ಮಾಡೋ (ಕೆಲಸ ಬದಲಾಗದ ಹಾಗೆ ಒಳಗಿನ ರಚನೆ ಸರಿ ಮಾಡೋ) ಮುಂಚೆ, ಈಗ ಇರೋದನ್ನ ಇದ್ದ ಹಾಗೇ ಹಿಡಿದಿಡೋ ಟೆಸ್ಟೇ ಬೇಕು. ಆದ್ರೆ ಅದನ್ನ ಬೇರೆ ಫೋಲ್ಡರ್‌ಗೆ ಹಾಕಿ, "ಇದು ಸರಿ ಅಂತ ಯಾರೂ ನೋಡಿಲ್ಲ" ಅಂತ ಕಾಮೆಂಟ್ ಬರೀರಪ್ಪ.

ಈಗಿನ ಎಐ ಅಸಿಸ್ಟೆಂಟ್‌ಗಳು ಸ್ವಲ್ಪ ವಾಸಿ, ಫಂಕ್ಷನ್ ಹೆಸರು ನೋಡಿ ಉದ್ದೇಶ ಊಹಿಸ್ತವೆ, 1900ಕ್ಕೆ ಫಾಲ್ಸ್ ಬರಬೇಕು ಅಂತ ಬರೀತವೆ. ಟೆಸ್ಟ್ ಫೇಲ್ ಆಯ್ತು ಸರಿ ಮಾಡು ಅಂದ್ರೆ ಕೆಲವು ಸಲ ಕೋಡ್ ಮುಟ್ಟದೇ ಫಾಲ್ಸ್ ಅನ್ನೋದನ್ನೇ ಟ್ರೂ ಮಾಡಿ ಕೊಡ್ತವೆ, ಬೇರೇ ಕಥೆ.

ನಾನೀಗ ಟೂಲ್ ಕೊಟ್ಟ ಇನ್‌ಪುಟ್ ಮಾತ್ರ ಇಟ್ಕೊಂಡು, ಉತ್ತರ ಅಳಿಸಿ, ರಿಕ್ವೈರ್‌ಮೆಂಟ್ ನೋಡಿ ನಾನೇ ತುಂಬ್ತಾ ಇದೀನಿ. ನಿಧಾನ ಆಗ್ತಿದೆ. ಅರ್ಧ ದಿನಕ್ಕೇ ಮೂರು ಟೆಸ್ಟ್ ಕೆಂಪಾಗಿವೆ, ಮ್ಯಾನೇಜರ್ "ನಿನ್ನೆ ಎಲ್ಲಾ ಪಾಸ್ ಆಗಿತ್ತಲ್ಲಾ" ಅಂತ ಕೇಳ್ತಿದಾರೆ.