ವಾದ ಗೆದ್ದರೂ ಊರು ಬಿಡಬೇಕಾಯ್ತು

ಯಹೂದಿಗಳ ಮಾತು ಬಂದಾಗ ಗೆಳೆಯನೊಬ್ಬ ಅಂದ, "ಸಾವಿರಾರು ವರ್ಷದಿಂದ ಎಲ್ಲರೂ ಬೈತಿದ್ದಾರೆ ಅಂದ್ರೆ ಏನೋ ಇರಬೇಕಲ್ವಾ, ಬೆಂಕಿ ಇಲ್ಲದೆ ಹೊಗೆ ಆಡುತ್ತಾ?" ಇಸ್ರೇಲ್ ಸರ್ಕಾರದ ರಾಜಕೀಯ ಬೇರೆ ವಿಷಯ, ಅದನ್ನು ಎಷ್ಟು ಬೇಕಾದರೂ ಬೈಯಿರಿ. ಅವನು ಅಂದಿದ್ದು ಅವರ ಧರ್ಮದ ಬಗ್ಗೆ.

ಸರಿ, ಹೊಗೆ ಎಂಥದ್ದು ಅಂತ ನೋಡಿ. 1ನೇ ಶತಮಾನದಲ್ಲಿ ಅಪಿಯಾನ್ ಎಂಬ ಅಲೆಕ್ಸಾಂಡ್ರಿಯಾದ ಪಂಡಿತ, ಯಹೂದಿಗಳು ಜೆರುಸಲೇಮಿನ ಗುಡಿಯಲ್ಲಿ ಕತ್ತೆ ತಲೆ ಇಟ್ಟು ಪೂಜಿಸುತ್ತಾರೆ ಎಂದು ಬರೆದ. ಇತಿಹಾಸಕಾರ ಜೋಸೆಫಸ್ ಕೊಟ್ಟ ಉತ್ತರ ಸರಳ: ರೋಮನ್ ಸೇನಾಪತಿ ಪಾಂಪೆ ಒಳಗೆ ಹೋಗಿ ನೋಡಿದ, ಆಮೇಲೆ ಇನ್ನೊಬ್ಬ ರೋಮನ್ ಸೇನಾಪತಿ ಟೈಟಸ್ ಹೋಗಿ ನೋಡಿದ, ಇಬ್ಬರೂ ಗೆದ್ದು ಬಂದ ಶತ್ರುಗಳೇ, ಕತ್ತೆ ತಲೆ ಯಾರಿಗೂ ಸಿಗಲಿಲ್ಲವಲ್ಲ?

1913ಕ್ಕೆ ಬನ್ನಿ. ಆಗ ರಷ್ಯಾಕ್ಕೆ ಸೇರಿದ್ದ ಕೀವ್ ನಗರದ ಇಟ್ಟಿಗೆ ಕಾರ್ಖಾನೆಯ ಯಹೂದಿ ನೌಕರ ಮೆಂಡೆಲ್ ಬೇಲಿಸ್, ಧರ್ಮಾಚರಣೆಗೆ ರಕ್ತ ಬೇಕೆಂದು 13 ವರ್ಷದ ಹುಡುಗನನ್ನು ಕೊಂದ ಅಂತ ಕೇಸು. ಯಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್ ಅನ್ನು ಅರೆದು ಕುಡಿದವನು ಅಂತ ಸರ್ಕಾರಿ ವಕೀಲರು ಪ್ರಾನೈಟಿಸ್ ಎಂಬ ಪಾದ್ರಿಯನ್ನು ಕರೆಸಿದರು. ಬೇಲಿಸ್ ಪರ ವಕೀಲರು ಕೇಳಿದರು, ಬಾಬಾ ಬತ್ರಾ ಯಾವ ಕಾಲದವಳು, ಏನು ಮಾಡುತ್ತಿದ್ದಳು? ಗೊತ್ತಿಲ್ಲ ಎಂದ! ಬಾಬಾ ಬತ್ರಾ ಹೆಂಗಸೇ ಅಲ್ಲ ಸ್ವಾಮಿ, ಆಸ್ತಿಪಾಸ್ತಿ ವ್ಯವಹಾರದ ಬಗ್ಗೆ ಇರುವ ತಾಲ್ಮುಡ್‌ನ ಒಂದು ಭಾಗ. ರಷ್ಯನ್‌ನಲ್ಲಿ ಬಾಬಾ ಅಂದರೆ ಹೆಂಗಸು, ಅದಕ್ಕೇ ಬಿದ್ದ. (ನಾನಾಗಿದ್ದರೆ ಯಾವುದೋ ಸಾಧು ಅಂದುಕೊಳ್ಳುತ್ತಿದ್ದೆ.) ಬೇಲಿಸ್ ಬಿಡುಗಡೆಯಾದ, ಅಷ್ಟರಲ್ಲಿ ಎರಡು ವರ್ಷ ಜೈಲಲ್ಲಿ ಕಳೆದಿದ್ದ.

ನನ್ನನ್ನು ಜಾಸ್ತಿ ಕಾಡಿದ್ದು ಮಾತ್ರ 1263ರ ಬಾರ್ಸಿಲೋನಾ. ಈಗಿನ ಸ್ಪೇನ್‌ನ ಅರಗಾನ್ ರಾಜ ಒಂದನೇ ಜೇಮ್ಸ್ ಮುಂದೆ ಬಹಿರಂಗ ವಾದ: ಮೆಸ್ಸೀಯ, ಅಂದರೆ ದೇವರು ಕಳಿಸುವ ರಕ್ಷಕ, ಬಂದಾಯಿತೋ ಇಲ್ಲವೋ ಅಂತ. ಒಂದು ಕಡೆ ಪಾಬ್ಲೋ ಕ್ರಿಸ್ತಿಯಾನಿ, ಯಹೂದಿಯಾಗಿ ಹುಟ್ಟಿ ಕ್ರೈಸ್ತ ಸನ್ಯಾಸಿಯಾದವನು. ಇನ್ನೊಂದು ಕಡೆ ಜಿರೋನಾದ ರಬ್ಬಿ (ಯಹೂದಿ ಧರ್ಮಗುರು) ಮೋಶೆ ಬೆನ್ ನಹ್ಮಾನ್, ಎಪ್ಪತ್ತರ ಹತ್ತಿರದ ಮುದುಕರು. ಅವರು ಇಟ್ಟ ಷರತ್ತು ಒಂದೇ, ಬಾಯಿ ಬಿಟ್ಟು ಮಾತಾಡಲು ಬಿಡಬೇಕು. ರಾಜ ಒಪ್ಪಿದ. ಮೆಸ್ಸೀಯ ಬಂದರೆ ಯುದ್ಧವೇ ಇರಲ್ಲ ಅಂತ ಪ್ರವಾದಿಗಳು ಹೇಳಿದ್ದಾರೆ, ಆದರೆ ಯೇಸುವಿನ ಕಾಲದಿಂದ ಇವತ್ತಿನವರೆಗೂ ಲೋಕದ ತುಂಬ ಹಿಂಸೆ, ಸುಲಿಗೆ. ಯುದ್ಧ ಕಲಿಯಬಾರದು ಅಂದರೆ ನಿಮಗೂ ನಿಮ್ಮ ಸರದಾರರಿಗೂ ಎಷ್ಟು ಕಷ್ಟವಾಗುತ್ತಿತ್ತು ದೊರೆಯೇ, ಅಂದರಂತೆ ರಬ್ಬಿ. ದೊರೆಯ ಮುಖಕ್ಕೇ! ಕೊನೆಗೆ ರಾಜ 300 ನಾಣ್ಯ ಕೊಟ್ಟು ಕಳಿಸಿದ ಅಂತ ಅವರೇ ಬರೆದಿದ್ದಾರೆ. ಸನ್ಯಾಸಿಗಳ ಲ್ಯಾಟಿನ್ ವರದಿ ಓದಿದರೆ ಪಾಬ್ಲೋನೇ ಗೆದ್ದ, ಅದು ಬಿಡಿ. ಸೋತವನನ್ನು ಸುಮ್ನೆ ಬಿಡುತ್ತಿದ್ದರು.

ಬಿಡಲಿಲ್ಲ. ವಾದವನ್ನು ಬರೆದಿಟ್ಟಿದ್ದೇ ತಪ್ಪಾಯಿತು, 1265ರಲ್ಲಿ ದೈವನಿಂದನೆಯ ದೂರು ಬಂತು. ಬಾಯಿ ಬಿಡಲು ರಾಜನೇ ಅಪ್ಪಣೆ ಕೊಟ್ಟಿದ್ದನಲ್ಲ? ಅದನ್ನೂ ಹೇಳಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಆ ವಯಸ್ಸಿನಲ್ಲಿ ಹುಟ್ಟಿದ ದೇಶ ಬಿಟ್ಟರು.

1267ರಲ್ಲಿ ಜೆರುಸಲೇಮ್ ತಲುಪಿದಾಗ ಊರು ಹಾಳುಬಿದ್ದಿತ್ತು. ಅಲ್ಲೇ ನೆಲೆಸಿದ್ದ ಯಹೂದಿಗಳು ಅಂತ ಸಿಕ್ಕಿದ್ದು ಇಬ್ಬರೇ ಅಣ್ಣತಮ್ಮ, ಬಟ್ಟೆಗೆ ಬಣ್ಣ ಹಾಕುವವರು. ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಪ್ರಾರ್ಥನೆಗೆ ಹತ್ತು ಜನ ಸೇರುತ್ತಿದ್ದುದು ಅವರ ಮನೆಯಲ್ಲೇ. ಅಮೃತಶಿಲೆ ಕಂಬದ ಒಂದು ಪಾಳುಮನೆ ಹುಡುಕಿ, ಅದನ್ನೇ ಪ್ರಾರ್ಥನಾ ಮಂದಿರ ಮಾಡಿಕೊಂಡೆವು, ತೋರಾ ಎಂಬ ಧರ್ಮಗ್ರಂಥದ ಸುರುಳಿ ತರಲು ನಾಬ್ಲುಸ್ ಊರಿಗೆ ಆಳು ಕಳಿಸಿದ್ದೇವೆ ಅಂತ ಮಗನಿಗೆ ಕಾಗದ ಬರೆದರು.